ಮೈಕಿನಲ್ಲಿ ಕರೆದ ಹೆಸರು

ಎದುರು ಸೀಟಿನ ಹೆಂಗಸಿನ ಮುಡಿಯ ಮಲ್ಲಿಗೆ ಬಾಡಿ ಕಂದಿದೆ, ಬೆಳಿಗ್ಗೆ ಮುಡಿದಿದ್ದಿರಬೇಕು ಎಂದುಕೊಂಡಳು ವೃಂದಾ, ಟ್ರೈನು ನುಂಗಂಬಾಕ್ಕಂ ಬಿಟ್ಟಿತೋ ಇನ್ನೂ ಇಲ್ಲವೋ, ಕಾಲು ಸೋಲುತ್ತಿದೆ, ಸೀರೆಗೆಲ್ಲ ಮಣಲಿಯ ಎಣ್ಣೆವಾಸನೆ — ಅಲ್ಲಿಯೂ ಇಲ್ಲ, ಮಾದಮ್ಮ ಅಲ್ಲಿಯೂ ಇಲ್ಲ, ರಿಫೈನರಿಯ ಕಾಂಟ್ರಾಕ್ಟ್ ಕೂಲಿಗಳ ಶೆಡ್ಡಿನಿಂದ ಅವಳ ಸೋದರಮಾವ ಕೈ ಒರೆಸಿಕೊಳ್ಳುತ್ತ ಓಡಿ ಬಂದ, ಮಗು ಕಾಣ್ತಿಲ್ವಾ, ಯಾವತ್ತಿಂದ ಅಮ್ಮಾವ್ರೆ, ಏನಾಯ್ತು ಅಂತ ಹೇಳಿ. ಏನೆಂದು ಹೇಳುವುದು, ನಿಮ್ಮ ಮಗುವನ್ನು ನೋಡಿಕೊಳ್ಳಲೆಂದೇ ಯೂನಿವರ್ಸಿಟಿ ನಮ್ಮನ್ನು ಇಟ್ಟುಕೊಂಡಿದೆ, ನಾವೇ ಕಳೆದುಕೊಂಡೆವು ಎಂದೇ? ಲೈಬ್ರರಿಯ ಹಿಂದೆ ಎರಡು ಕೋಣೆ, ಬಾಗಿಲ ಮೇಲೆ ವಿದ್ಯಾರ್ಥಿ ಸಂಸ್ಕೃತಿ ಕೇಂದ್ರ ಎಂಬ ಬೋರ್ಡು, ಒಳಗೆ ಡೈರೆಕ್ಟರ್ ತಿರುಮಲೇಶ್, ಅವಳು, ಅಟೆಂಡರ್ ಕಿಟ್ಟಣ್ಣ, ಮೂರೇ ಜನ. ಬೆಟ್ಟದಿಂದ, ಮೀನುಗಾರರ ಕೇರಿಯಿಂದ, ಮನೆತನದಲ್ಲೇ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿ ಬಂದವರಿಗೆ ಇಂಗ್ಲಿಷು ಕಲಿಸುವುದು, ಹಾಸ್ಟೆಲ್ಲಿನಲ್ಲಿ ಯಾರಾದರೂ ಹಂಗಿಸಿದರೆ ಮಧ್ಯೆ ಹೋಗಿ ನಿಲ್ಲುವುದು, ವರ್ಷಕ್ಕೊಮ್ಮೆ ಅವರವರ ಹಾಡು ಕುಣಿತ — ಆ ಕುಣಿತವೇ ಎಲ್ಲಕ್ಕೂ ಮೂಲ. ತಾಳವಾಡಿ ಬೆಟ್ಟದ ಸೋಲಿಗರ ಹುಡುಗಿ ಮಾದಮ್ಮ, ಬಂದ ಹೊಸತರಲ್ಲಿ ಯಾರೊಡನೆಯೂ ತುಟಿ ಬಿಚ್ಚದವಳು, ಸುತ್ತ ತಮಿಳೇ ಇರುವಲ್ಲಿ ವೃಂದಾ ಫೋನಿನಲ್ಲಿ ಅಮ್ಮನಿಗೆ ಕನ್ನಡದಲ್ಲಿ ಏನೋ ಹೇಳುತ್ತಿದ್ದುದನ್ನು ಕೇಳಿ ಬಾಗಿಲಲ್ಲೇ ನಿಂತುಬಿಟ್ಟಿದ್ದಳು, ಅಕ್ಕಾ, ನೀವು ನಮ್ ಮಾತು ಆಡ್ತಿರಾ. ವಾರ್ಷಿಕೋತ್ಸವಕ್ಕೆ ಆದಿವಾಸಿ ನೃತ್ಯ ಇಡೋಣ, ವಿ.ಸಿ. ಬರ್ತಾರೆ, ಮಾದಮ್ಮ ಸೊಪ್ಪಿನ ಲಂಗ ಉಟ್ಟು ಕುಣಿದರೆ ಚೆನ್ನ ಎಂದಿದ್ದರು ತಿರುಮಲೇಶ್, ಕೆಟ್ಟ ಮನಸ್ಸಿನಿಂದಲ್ಲ, ಪ್ರೀತಿಯಿಂದಲೇ; ಅಕ್ಕ, ನಾ ಫಿಸಿಕ್ಸ್ ಓದಕ ಬಂದಿರದು, ಕುಣಿಯಕ ಅಲ್ಲ; ಸರಿ ಕಣೇ, ನಾನು ಸರ್‌ಗೆ ಹೇಳ್ತೀನಿ; ಹೇಳಿಯೂ ಇದ್ದಳು, ಆಯ್ತು ವೃಂದಾ, ಬೇಡ ಬಿಡಿ ಎಂದು ಅವರೂ ಒಪ್ಪಿದ್ದರು, ಆದರೆ ಆಮಂತ್ರಣ ಆಗಲೇ ಅಚ್ಚಿಗೆ ಹೋಗಿತ್ತು, ನಿರೂಪಣೆ ಮಾಡುವವನು ಅಚ್ಚಾದದ್ದನ್ನೇ ಮೈಕಿನಲ್ಲಿ ಓದಿದ, ಮುಂದಿನ ಕಾರ್ಯಕ್ರಮ ಕಾಡಿನ ಕುಣಿತ, ಮಾದಮ್ಮ — ಹಿಂದಿನ ಸಾಲಿನಲ್ಲಿ ಯಾರೋ ಕೋತಿಯ ಹಾಗೆ ಕೂಗಿದ, ಇನ್ನೊಬ್ಬ ಕೂಗಿದ, ಆಮೇಲೆ ಇಡೀ ಸಾಲು, ನಗು; ಸಭೆಯಲ್ಲಿ ಕೂತಿದ್ದ ಮಾದಮ್ಮ ಎದ್ದಳು, ದುಪಟ್ಟಾ ಸರಿಮಾಡಿಕೊಂಡಳು, ಬಾಗಿಲಿನ ಕಡೆ ನಡೆದು ಹೋದಳು, ಓಡಲಿಲ್ಲ, ನಡೆದೇ ಹೋದಳು, ಮೊನ್ನೆ. ಹಾಸ್ಟೆಲ್ಲಿಗೆ ಹೋಗಿಲ್ಲ, ಪೆಟ್ಟಿಗೆ ಮಂಚದ ಕೆಳಗೇ ಇದೆ, ಪೆಟ್ಟಿಗೆ ಬಿಟ್ಟು ಎಲ್ಲಿಗೆ ಹೋಗುತ್ತಾರೆ ಯಾರಾದರೂ, ಬೇಡ, ಆ ಯೋಚನೆ ಬೇಡ, ತಿರುಮಲೇಶ್ ಪೊಲೀಸ್ ಸ್ಟೇಷನ್ನಿಗೆ ಹೋಗಿ ಬಂದಿದ್ದಾರೆ, ಊರಿನ ಅಂಗಡಿಗೆ ಫೋನ್ ಮಾಡಿ ಕೇಳಿದ್ದಾಯಿತು, ಮಣಲಿಯಿಂದ ಬರುವಾಗ ಬಸ್ಸಿನಲ್ಲಿ ಕಿಟ್ಟಣ್ಣ ಕಿಟಕಿಯ ಆಚೆ ನೋಡುತ್ತಲೇ ಮೆಲ್ಲಗೆ, ದೊಡ್ಡಾಸ್ಪತ್ರೆಗೂ ಒಂದ್ಸಲ ಹೋಗಿ ನೋಡ್ಬೇಕೇನೋಮ್ಮ, ನೀವು ಮನೆಗೆ ಹೋಗಿ, ನಾನೊಬ್ಬನೇ ನೋಡ್ಕೊಂಡು ಬರ್ತೀನಿ. ಒಳರೋಗಿಗಳ ವಾರ್ಡಿಗಲ್ಲ, ಹಿಂಬದಿಯ ತಣ್ಣನೆಯ ಕೋಣೆಗೆ ಅವನು ಹೊರಟದ್ದು, ಇಬ್ಬರಿಗೂ ಗೊತ್ತಿತ್ತು.

ಮಾಂಬಲಂ, ಇಳಿ, ಯಾರದೋ ಬುಟ್ಟಿ ಮೊಣಕಾಲಿಗೆ ತಗುಲುತ್ತದೆ, ಸ್ಟೇಷನ್ನಿನ ಹಿಂದಿನ ಗಲ್ಲಿ, ಇನ್ನೂ ದೀಪ ಹಚ್ಚುವ ಹೊತ್ತು, ಗೇಟು ತೆಗೆಯುವಾಗ ಅಮ್ಮ, ಗೋದಾಬಾಯಿ, ಬಾಯ ಮೇಲೆ ಬೆರಳಿಟ್ಟುಕೊಂಡು ಹೊರಗೆ ಬರುತ್ತಾಳೆ, ಮೆತ್ತಗೆ ಬಾ ಡೀ, ಮಗು ಈಗ ತಾನೇ ಮಲಗಿದೆ, ಯಾವ ಮಗು? ನಿನ್ನ ಮಗುನೇ, ಯೂನಿವರ್ಸಿಟಿದು, ಆಫೀಸಿಗೆ ಎಷ್ಟು ಸಲ ಫೋನ್ ಮಾಡೋದು, ಒಬ್ಬರೂ ಎತ್ತಲ್ಲ, ಎಲ್ಲಾರೂ ಎಲ್ಲಿ ತೊಲಗಿದ್ರಿ? — ಹುಡುಕಲಿಕ್ಕೆ ಅಮ್ಮ, ಅವಳನ್ನೇ ಹುಡುಕಲಿಕ್ಕೆ, ಎನ್ನಬೇಕು, ವೃಂದಾ ಮೆಟ್ಟಿಲ ಮೇಲೆ ಕೂತುಬಿಟ್ಟಳು, ನಗುವೋ ಅಳುವೋ, ಎರಡೂ ಒಟ್ಟಿಗೆ ಮೂಗಿನಿಂದ ಬಂತು, ಅಮ್ಮ ಹೇಳುತ್ತಲೇ ಇದ್ದಾಳೆ, ಮಧ್ಯಾಹ್ನ ಬಂದು ಕದ ತಟ್ಟಿತು, ನೀನು ಯಾವಾಗಲೋ ಬರೆದುಕೊಟ್ಟ ವಿಳಾಸ ಕೈಲಿತ್ತು, ಅಕ್ಕ ಮನೇಲಿ ಅವರಾ ಅಂತ, ಕನ್ನಡದಲ್ಲಿ ಕೇಳ್ತು ಡೀ, ಈ ಬೀದೀಲಿ ಯಾರು ಕನ್ನಡದಲ್ಲಿ ಕೇಳ್ತಾರೆ, ನಿಮ್ಮಣ್ಣನ ಮಕ್ಕಳೇ ತಮಿಳಲ್ಲಿ ಬದಲು ಹೇಳ್ತವೆ, ಯಾರ ಪೈಕಿ ಅಂದೆ, ಸೋಲಿಗರು ಅಂತು, ಅದೇನೋ ನಂಗೆ ತಿಳೀಲಿಲ್ಲ, ನಂಜನಗೂಡು ಕಡೇನಾ ಅಂದೆ, ಅಲ್ಲಿಂದ ಆಚೆ ಅಜ್ಜಿ, ಬೆಟ್ಟದ ಮೇಲೆ ಅಂತು, ಸಾರನ್ನ ಹಾಕಿದೆ, ಎಷ್ಟು ಹಸಿದಿತ್ತೋ ಪಾಪ, ಪಾವಂ — ಎಲ್ಲಿ ಕೂರಿಸಿ ಹಾಕಿದಳೋ, ಅಡುಗೆಮನೆಯೊಳಗಂತೂ ಬಿಟ್ಟಿರಲಿಕ್ಕಿಲ್ಲ, ಕೇಳುವುದು ಬೇಡ, ಇವತ್ತು ಬೇಡ.

ನಡುಮನೆಯಲ್ಲಿ ಫ್ಯಾನಿನ ಕೆಳಗೆ, ಚಾಪೆಯ ಮೇಲೆ, ಅಮ್ಮನ ಹಳೇ ನೂಲಿನ ಸೀರೆ ಹೊದ್ದು, ಗೋಡೆ ಕಡೆ ಮುಖ, ವೃಂದಾ ಪಕ್ಕ ಕೂತು ಹೆಗಲು ಮುಟ್ಟುತ್ತಾಳೆ, ಬೆಚ್ಚಗಿದೆ, ಹೆಗಲು ಬೆಚ್ಚಗಿದೆ, ಮಾದಮ್ಮ ಅರ್ಧ ಕಣ್ಣು ಬಿಟ್ಟು, ಅಕ್ಕ, ಊರ್ಗೆ ಹೊಂಟಿದ್ದೆ, ಸತ್ಯಮಂಗಲಗಂಟ ಹೋದೆ, ಬೆಟ್ಟದ ಬಸ್ಸು ಬಂದು ನಿಂತ್ಕತು, ಹತ್ತನಿಲ್ಲ, ಯಾಕೆ ಪುಟ್ಟಾ, ಸೋಮಾರ ಪ್ರಾಕ್ಟಿಕಲ್ ಅದ, ನಾನ್ಯಾಕ ಹೋಗ್ಬೇಕು ಊರ್ಗೆ, ಕೂಗ್ದವ್ರು ಹೋಗ್ಲಿ, ಇಷ್ಟು ಹೇಳಿ ಮತ್ತೆ ನಿದ್ದೆ. ಫೋನಿನಲ್ಲಿ ಸುದ್ದಿ ಕೇಳಿ ತಿರುಮಲೇಶ್ ಮೂಗು ಸೀಟಿದರು, ಇನ್ನು ಮೇಲೆ ಯಾರನ್ನೂ ಕೇಳದೆ ಹೆಸರು ಹಾಕಲ್ಲ ವೃಂದಾ. ಅದು ಸೋಮವಾರ ಮಾತಾಡೋಣ ಸರ್, ಹಾಗೆ ಕೂಗಿದ ಹುಡುಗರ ಡೀನ್ ಹತ್ತಿರವೂ ಹೋಗಬೇಕು, ಮೊದಲು ಮಣಲಿಗೆ ಹೇಳಿ ಕಳಿಸಿ, ಕಿಟ್ಟಣ್ಣ ಆಸ್ಪತ್ರೆಯಿಂದ ಫೋನ್ ಮಾಡಿದರೆ, ಸಾಕು, ಬಾ ಎನ್ನಿ, ಬೇಗ ಹೊರಗೆ ಬಾ ಎನ್ನಿ. ರಿಸೀವರ್ ಇಟ್ಟು ಬಂದು ಮತ್ತೆ ಚಾಪೆಯ ಅಂಚಿನಲ್ಲಿ ಕೂತಳು, ಕಾಲು ತೊಳೆಯಬೇಕು, ಕಾಫಿ ಆರುತ್ತಿದೆ ಎಂದು ಅಮ್ಮ ಕೂಗುತ್ತಿದ್ದಾಳೆ, ಸೋಮವಾರ ಇವಳ ಜೊತೆ ಲ್ಯಾಬಿನ ಬಾಗಿಲ ತನಕ ಹೋಗಬೇಕು, ಇಲ್ಲ, ಬೇಡ, ಅವಳೇ ಹೋಗುತ್ತಾಳೆ — ಬೆನ್ನಿನ ಮೇಲಿನ ನೂಲಿನ ಸೀರೆ ಏರುತ್ತದೆ, ಇಳಿಯುತ್ತದೆ, ವಾರ್ಡನ್ನಿಗೆ ಏನು ಹೇಳುವುದು, ಏನಾದರೂ ಹೇಳಿದರಾಯಿತು, ಸೀರೆ ಏರುತ್ತದೆ, ಇಳಿಯುತ್ತದೆ, ಡೀನ್ ಒಪ್ಪದಿದ್ದರೆ — ಏರುತ್ತದೆ, ಇಳಿಯುತ್ತದೆ, ಇನ್ನೊಂದು ಸಲ, ಏರುತ್ತದೆ