ಎರಡು ಮೆಟ್ಟಿಲು, ಒಂದು ಕುಣಿ

ನಾನು ಒಂದು ಮರದ ಸ್ಟೂಲು. ನನಗೆ ಎರಡು ಮೆಟ್ಟಿಲು, ನಾಲ್ಕು ಕಾಲು. ಕೆಳಗಿನ ಮೆಟ್ಟಿಲು ನೆಲದಿಂದ ಒಂದು ಗೇಣು ಎತ್ತರ, ಮೇಲಿನದು ಎರಡು ಗೇಣು. ನಾಲ್ಕು ಕಾಲುಗಳಲ್ಲಿ ಒಂದು ಕೊಂಚ ಗಿಡ್ಡ. ಇದನ್ನು ಮೊದಲೇ ಹೇಳಿಬಿಡುವುದು ಮೇಲು, ಏಕೆಂದರೆ ನನ್ನ ಆಯುಷ್ಯದ ಬಹುಪಾಲು ಚಿಂತೆ ಆ ಕಾಲಿನದೇ.

ನನ್ನನ್ನು ಮಾಡಿದವನು ಮೌನೇಶ ಬಡಿಗೇರ. ಹಳೆಯ ಶಾಲೆಯೊಂದನ್ನು ಕೆಡವಿದಾಗ ಸಿಕ್ಕ ಬಾಗಿಲ ಚೌಕಟ್ಟಿನಿಂದ ನಾನು ಹುಟ್ಟಿದೆ. ಕೊನೆಯ ಮೊಳೆ ಹೊಡೆದು ನೆಲದ ಮೇಲೆ ಇಟ್ಟಾಗ ನಾನು ಟಕ್ ಎಂದೆ. ಮೌನೇಶ ಬಗ್ಗಿ ನೋಡಿದ, ಹರಿದ ಚಪ್ಪಲಿಯ ರಬ್ಬರು ತುಂಡೊಂದನ್ನು ಕತ್ತರಿಸಿ ಗಿಡ್ಡ ಕಾಲಿಗೆ ಬಡಿದ. "ಹತ್ತು ವರ್ಷ ಏನೂ ಆಗಾಂಗಿಲ್ಲ" ಎಂದು ನನ್ನ ಬೆನ್ನು ತಟ್ಟಿದ. ಹತ್ತು ವರ್ಷ ಎಂದರೆ ಎಷ್ಟು ಎಂದು ಆಗ ನನಗೆ ತಿಳಿಯದು.

ನಾನು ಹೋಗಿ ಸೇರಿದ್ದು ಸೀರೆ ನೇಯುವ ಊರೊಂದರ ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಗೆ. ಅಲ್ಲಿ ಆರು ಎತ್ತರದ ಮಂಚಗಳಿದ್ದವು. ರೋಗಿಗಳು ನನ್ನ ಮೇಲೆ ಕಾಲಿಟ್ಟು ಮಂಚ ಏರುತ್ತಿದ್ದರು, ಹತ್ತು ನಿಮಿಷ ಮಲಗಿ ಮತ್ತೆ ನನ್ನ ಮೇಲೆ ಕಾಲಿಟ್ಟು ಇಳಿಯುತ್ತಿದ್ದರು. ನಡುವಿನ ಹತ್ತು ನಿಮಿಷ ಮೇಲೆ ಏನು ನಡೆಯುತ್ತಿತ್ತೋ ನನಗೆ ಕಾಣುತ್ತಿರಲಿಲ್ಲ. ಯಂತ್ರದ ಗುಂಯ್ ಸದ್ದು ಕೇಳುತ್ತಿತ್ತು, ಆಮೇಲೆ ಗಂಟೆಯಾಗುತ್ತಿತ್ತು. ನಾನು ಜನರನ್ನು ಪಾದಗಳಿಂದ ಗುರುತಿಸುತ್ತಿದ್ದೆ. ನೇಕಾರರ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಮಗ್ಗದ ಕಾಲುಮಣೆ ಒತ್ತಿ ಒತ್ತಿ ದಡ್ಡುಗಟ್ಟಿರುತ್ತಿತ್ತು.

ಕೋಣೆಯ ಹಿರಿಯರು ಪ್ರಹ್ಲಾದ ಸರ್. ಅವರ ಕರಿ ಚಪ್ಪಲಿಗಳು ಬೆಳಗಿನಿಂದ ಮಧ್ಯಾಹ್ನದವರೆಗೆ ಆರು ಮಂಚಗಳ ನಡುವೆ ಓಡುತ್ತಿದ್ದವು. ದಿನಕ್ಕೆ ಅರವತ್ತು ಜನ. ಎಲ್ಲರೂ ಕೇಳುತ್ತಿದ್ದುದು ನೋವಿಗೆ ಹಚ್ಚುವ ವಿದ್ಯುತ್ ಯಂತ್ರವನ್ನೇ: "ಸರ್, ಕರೆಂಟ್ ಇಡ್ರಿ." ಮೊದಮೊದಲು ಸರ್ ವ್ಯಾಯಾಮ ಹೇಳಿಕೊಡಲು ನೋಡಿದ್ದರಂತೆ. "ಕೈಕಾಲ ಆಡಸಾಕ ದವಾಖಾನಿಗೆ ಬರಬೇಕೇನ್ರಿ? ಅದನ್ನ ಮನ್ಯಾಗ ಮಾಡ್ತೀವಿ" ಎಂದು ಜನ ನಗುತ್ತಿದ್ದರು, ಮನೆಯಲ್ಲೂ ಮಾಡುತ್ತಿರಲಿಲ್ಲ. ವ್ಯಾಯಾಮದ ಚಿತ್ರಗಳಿದ್ದ ಹಾಳೆಯಲ್ಲಿ ಎಲೆ ಅಡಿಕೆ ಕಟ್ಟಿಕೊಂಡು ಬಂದವರನ್ನು ನಾನೇ ಕಂಡಿದ್ದೇನೆ. ಕ್ರಮೇಣ ಸರ್ ಹೇಳುವುದನ್ನು ಬಿಟ್ಟರು. ಯಂತ್ರವನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

ನನಗೆ ಹದಿಮೂರು ವರ್ಷವಾದಾಗ ಜಯಮಾಲಾ ಬಂದರು. ತಿಳಿ ಬಣ್ಣದ ಬೂಟು, ಸದ್ದಾಗದ ನಡಿಗೆ. ಅವರೂ ಫಿಸಿಯೋಥೆರಪಿಸ್ಟ್, ಸರ್‌ಗಿಂತ ಇಪ್ಪತ್ತು ವರ್ಷ ಚಿಕ್ಕವರು. ಮೊದಲ ವಾರವೇ ಅವರು ಪ್ರಹ್ಲಾದ ಸರ್ ಬಳಿ ಹೇಳಿದರು, "ಸರ್, ವ್ಯಾಯಾಮಾನ ನಮ್ಮ ಮುಖ್ಯ ಚಿಕಿತ್ಸೆ ಅಲ್ಲೇನ್ರಿ? ಉಳಿದದ್ದೆಲ್ಲ ಅದಕ್ಕ ಜೋಡಿ."

"ಪುಸ್ತಕದಾಗ ಹೌದು" ಎಂದರು ಸರ್. "ಅರವತ್ತು ಮಂದಿಗೆ ಒಬ್ಬೊಬ್ಬರಿಗೆ ಅರ್ಧ ತಾಸು ಕೊಟ್ರ, ಎಷ್ಟಾತು ಲೆಕ್ಕಾ ಹಾಕ್ರಿ."

ಜಯಮಾಲಾ ಮುಂದಿನ ರೋಗಿಯತ್ತ ನಡೆದರು. ಆದರೆ ಸುಮ್ಮನಿರುವುದು ಅವರಿಗೆ ಬರುತ್ತಿರಲಿಲ್ಲ ಎಂಬುದು ನನಗೆ ಅವರ ಬೂಟಿನ ತುದಿ ನೆಲವನ್ನು ತಟ್ಟುವುದರಿಂದಲೇ ತಿಳಿಯುತ್ತಿತ್ತು.

ಒಂದು ದಿನ ರೋಗಿಗಳೆಲ್ಲ ಹೋದ ಮೇಲೆ ಅವರು ಜೆಲ್ ಹಚ್ಚಿ ಉಜ್ಜುವ ಅಲ್ಟ್ರಾಸೌಂಡ್ ಯಂತ್ರವನ್ನು ನನ್ನ ಮೇಲಿನ ಮೆಟ್ಟಿಲ ಮೇಲೆ ಇಟ್ಟರು. ಅದರ ಹಿಡಿಯನ್ನು ಮೇಲ್ಮುಖವಾಗಿ ಹಿಡಿದು, ಲೋಹದ ಮುಖದ ಮೇಲೆ ಎರಡು ಹನಿ ನೀರು ಬಿಟ್ಟು ಗುಂಡಿ ಒತ್ತಿದರು. ದೀಪ ಹತ್ತಿತು. ಯಂತ್ರ ಸರಿಯಿದ್ದರೆ ಆ ನೀರು ನಡುಗಿ ಮಂಜಿನಂತೆ ಏಳಬೇಕಂತೆ. ಹನಿಗಳು ಹಾಗೆಯೇ ಕುಳಿತಿದ್ದವು.

"ಸರ್, ಇದನ್ನ ಕಡೀಕ ಯಾವಾಗ ಪರೀಕ್ಷೆ ಮಾಡಿದ್ರಿ?"

ಪ್ರಹ್ಲಾದ ಸರ್ ಯಂತ್ರ ಆರಿಸಿ ತಾವೇ ಮತ್ತೊಮ್ಮೆ ಗುಂಡಿ ಒತ್ತಿದರು, ಹನಿಗಳು ಅಲುಗಲಿಲ್ಲ. ಯಂತ್ರ ಸತ್ತು ಎಷ್ಟು ದಿನವಾಗಿತ್ತೋ, ಎಷ್ಟು ತಿಂಗಳೋ. ಅಂದು ಬೆಳಗ್ಗೆಯೂ ಅದರಿಂದ ಮೂವರು ಭುಜ ಉಜ್ಜಿಸಿಕೊಂಡು "ಹಗರ ಆತ್ರಿ" ಎಂದು ಹೇಳಿ ಹೋಗಿದ್ದರು.

"ಒಬ್ಬರನ್ನ ತಗೋರಿ" ಎಂದರು ಸರ್. "ಆರು ವಾರ. ಕರೆಂಟಿಲ್ಲ, ಶಾಖ ಇಲ್ಲ, ಬರೇ ವ್ಯಾಯಾಮ. ಆ ಪೇಶಂಟ್ ಆರಾಮ ಆದ್ರ, ಜಿಲ್ಲಾ ಮೀಟಿಂಗಿನ್ಯಾಗ ನೀವು ಮಾತಾಡ್ರಿ. ನಾನ ಸಮಯ ಕೊಡಸ್ತೀನಿ."

ಆ ಒಬ್ಬರು ನಿಂಬೆವ್ವ. ಐವತ್ನಾಲ್ಕು ವರ್ಷದ ನೇಕಾರ ಹೆಂಗಸು. ಬಲ ಮೊಣಕಾಲು ಸವೆದು ನಾಲ್ಕು ತಿಂಗಳಿಂದ ಮಗ್ಗಕ್ಕೆ ಇಳಿದಿರಲಿಲ್ಲ. ಇಳಿದಿರಲಿಲ್ಲ ಎಂದೇ ಅವಳು ಹೇಳಿದ್ದು. ಆ ಮಾತನ್ನು ಅಂದು ಯಾರೂ ಹಿಡಿದುಕೊಳ್ಳಲಿಲ್ಲ. ನಾನೂ. ಅವಳ ಸೊಸೆ ಶಶಿಕಲಾ ಕೆಟ್ಟವಳಲ್ಲ, ಆದರೆ ಮನೆಯಲ್ಲಿ ಜಾಗವಿರಲಿಲ್ಲ. "ಪಂಚಮಿ ಒಳಗ ಆಗಲಿಲ್ಲಂದ್ರ ಮಗ್ಗಾ ತಗಿಸಿಬಿಡೂನು ಅತ್ತಿ" ಎಂದಿದ್ದಳಂತೆ. ಹದಿನಾರನೆಯ ವಯಸ್ಸಿನಿಂದ ಕುಳಿತ ಮಗ್ಗ. ಪಂಚಮಿಗೆ ಹತ್ತಿರ ಹತ್ತಿರ ಮೂರು ತಿಂಗಳಿತ್ತು.

ಮೊದಲ ದಿನ ಜಯಮಾಲಾ ನನ್ನನ್ನು ಮಂಚದ ಪಕ್ಕದಿಂದ ಎಳೆದು ಗೋಡೆಯ ಹಿಡಿಕೆಯ ಬಳಿ ಇಟ್ಟರು. "ಇದರ ಮ್ಯಾಲೆ ಏರ್ರಿ, ಇಳೀರಿ."

"ಏರಿ ಎಲ್ಲಿ ಮಲಗಬೇಕ್ರಿ ಬಾಯಾರ?"

"ಮಲಗೂದಿಲ್ಲ. ಏರೂದು ಇಳಿಯೂದು, ಅದ ಔಷಧ."

ನಿಂಬೆವ್ವ ನನ್ನನ್ನು ಬಗ್ಗಿ ನೋಡಿದಳು. ಕಾಲಿಟ್ಟಳು. ರಬ್ಬರು ಸವೆದಿದ್ದ ನನ್ನ ಗಿಡ್ಡ ಕಾಲು ಟಕ್ ಎಂದಿತು. "ಅಯ್ಯ, ನನ್ನ ಮೊಣಕಾಲಿಗಿಂತ ಇದರ ಕಾಲ ಹೆಚ್ಚ ಅಳ್ಳಾಡತೈತಿ. ಮೊದಲ ಇದಕ್ಕ ವ್ಯಾಯಾಮ ಹೇಳಿಕೊಡ್ರಿ."

ಜಯಮಾಲಾ ನಕ್ಕರು. ನನಗೆ ನಾಚಿಕೆಯಾಯಿತು. ಹದಿಮೂರು ವರ್ಷ ನಾನು ಮಂಚದ ದಾರಿಯಲ್ಲಿ ಸಿಗುವ ವಸ್ತುವಾಗಿದ್ದೆ. ಈಗ ರೋಗಿ ಹೋಗಿ ಸೇರಬೇಕಾದ ಜಾಗ ನಾನೇ ಆಗಿದ್ದೆ. ಅವಳ ತೂಕ ಬೀಳುವಾಗಲೆಲ್ಲ ನಾನು ಸದ್ದಾಗದಿರಲು ಉಸಿರು ಬಿಗಿಹಿಡಿಯುತ್ತಿದ್ದೆ.

ಜಯಮಾಲಾ ಕಾಲೇಜಿನಲ್ಲಿ ಕಲಿತ ನಿಯಮವನ್ನೇ ಕಲಿಸಿದರು. ಬಲ ಬರಲೆಂದು ಏರುವಾಗ ನೋವಿನ ಕಾಲು ಮೊದಲು. ಬೀಳದಿರಲೆಂದು ಇಳಿಯುವಾಗಲೂ ನೋವಿನ ಕಾಲೇ ಮೊದಲು. ಒಂದು ಕೈ ಗೋಡೆಯ ಹಿಡಿಕೆಯ ಮೇಲೆ. ಐದರಿಂದ ಶುರುವಾಗಿ ಹತ್ತು, ಇಪ್ಪತ್ತು, ಮೂವತ್ತು. ಆರನೆಯ ವಾರ ನಿಂಬೆವ್ವ ಹಿಡಿಕೆ ಮುಟ್ಟದೆ ಏರಿದಳು. ಮಂಚದ ಮೇಲಿದ್ದವರು ತಲೆಯೆತ್ತಿ ನೋಡಿದರು. ಪ್ರಹ್ಲಾದ ಸರ್ ಮೀಟಿಂಗಿನ ಪಟ್ಟಿಯಲ್ಲಿ ಜಯಮಾಲಾ ಹೆಸರು ಬರೆದರು.

ಆಮೇಲೆ ಎಂಟು ದಿನ ನಿಂಬೆವ್ವ ಬರಲಿಲ್ಲ. ಒಂಬತ್ತನೆಯ ದಿನ ಬಂದು, ನನ್ನ ಕಡೆ ನೋಡದೆ, ಮಂಚದ ಸಾಲಿನಲ್ಲಿ ಕುಳಿತಳು.

"ಸರ್, ಕರೆಂಟ್ ಇಡ್ರಿ."

ಜಯಮಾಲಾ ಬೂಟು ನಿಂತಲ್ಲೇ ನಿಂತಿತು. "ಏನಾತು ನಿಂಬೆವ್ವ? ಮೂವತ್ತು ಸರ್ತಿ ಏರಿದ್ರೆಲ್ಲ."

"ಏರೂದು ಬಂತ್ರಿ ಬಾಯಾರ. ಇಳಿಯೂದು ಬರವಲ್ದು. ಮಗ್ಗದ ಕುಣ್ಯಾಗ ಕಾಲಿಟ್ಟೆ, ಮೊಣಕಾಲ ಧೊಪ್ಪಂತ ಬಿಟ್ಟಕೊಡ್ತು. ಮಗ್ಗದ ಮ್ಯಾಲೆ ಬೀಳ್ತಿದ್ದೆ. ನೀವು ಬ್ಯಾಸರಾ ಮಾಡಕೋತೀರಂತ ಬಂದಿರಲಿಲ್ಲ."

"ನಾನು ಮೊದಲ ಹೇಳಿರಲಿಲ್ಲೇನು?" ಎಂದು ಸರ್ ಈಗ ಹೇಳುತ್ತಾರೆಂದು ನಾನು ಕಾದೆ. ಅವರು ಕೇಳಿದ್ದು ಬೇರೆ. "ಜಯಮಾಲಾ, ನೀವು ಆ ಕುಣಿ ನೋಡೀರೇನು?"

"ಇಲ್ಲ ಸರ್."

"ನಾನೂ ನೋಡಿಲ್ಲ" ಎಂದರು. "ಇಪ್ಪತ್ತೆರಡು ವರ್ಷ ಆತು ಈ ಊರಿಗೆ ಬಂದು."

ಅಂದು ಸಂಜೆ ನಾನು ಮೊದಲ ಬಾರಿಗೆ ಆಸ್ಪತ್ರೆ ಬಿಟ್ಟು ಹೊರಟೆ, ಸ್ಕೂಟರಿನಲ್ಲಿ ಜಯಮಾಲಾ ಕಾಲ ಬಳಿ. ಹಿಂದೆ ಸರ್ ಅವರ ಬೈಕು.

ನಿಂಬೆವ್ವನ ಮಗ್ಗ ಮೇಜಿನಂತೆ ನೆಲದ ಮೇಲಿರಲಿಲ್ಲ. ನೆಲದಲ್ಲಿ ಮೂರು ಗೇಣು ಆಳದ ಕುಣಿ ತೋಡಿದ್ದರು. ನೇಯುವವರು ಕುಣಿಯ ಅಂಚಿನಲ್ಲಿ ಕುಳಿತು, ಒಳಗಿನ ಕಾಲುಮಣೆ ತುಳಿಯಬೇಕು. ಇಳಿಯಲು ಅರ್ಧದಲ್ಲಿ ಒಂದು ಕಲ್ಲು ಚಾಚಿಕೊಂಡಿತ್ತು. ಅಂದರೆ ಒಂದೊಂದು ಹೆಜ್ಜೆಯೂ ಒಂದೂವರೆ ಗೇಣು. ನನ್ನ ಮೆಟ್ಟಿಲು ಒಂದೇ ಗೇಣು. ಬಲಕ್ಕೆ ಗೋಡೆ, ಎಡಕ್ಕೆ ಕುಣಿ. ಆ ಇಕ್ಕಟ್ಟಿನಲ್ಲಿ ಎಡಗಾಲನ್ನೇ ಮೊದಲು ಇಳಿಸಬೇಕು. ಅದು ಕಲ್ಲು ಮುಟ್ಟುವವರೆಗೆ ಇಡೀ ಮೈಯ ಭಾರ ಬಾಗಿದ ಬಲ ಮೊಣಕಾಲಿನ ಮೇಲೆ. ಹಿಡಿಯಲು ಇದ್ದದ್ದು ಮಗ್ಗಕ್ಕೆ ಬಿಗಿದು ಹೂಡಿದ ನೂಲು ಮಾತ್ರ.

"ಅದನ್ನ ಹಿಡಕೊಂಡ್ರ ಆಗೂದಿಲ್ಲೇನು?" ಎಂದರು ಸರ್.

ನಿಂಬೆವ್ವ ಅವರನ್ನು ವಿಚಿತ್ರವಾಗಿ ನೋಡಿದಳು. "ನೂಲ ಹಿಡದ ಯಾರರ ಇಳೀತಾರೇನ್ರಿ ಸರ್? ಬಿದ್ರ ಮೊಣಕಾಲ ಹೋಗ್ತೈತಿ. ನೂಲ ಹರದ್ರ ಸೀರೀನ ಹೋಗ್ತೈತಿ."

ಜಯಮಾಲಾ ಬೂಟು ಕಳಚಿ ತಾವೇ ಕುಣಿಗೆ ಇಳಿದರು. ಒಮ್ಮೆ, ಎರಡು ಸಲ, ಐದು ಸಲ. ಆಮೇಲೆ ಅಂಚಿನಲ್ಲಿ ಕುಳಿತು, ತಲೆಯೆತ್ತದೆ ಹೇಳಿದರು, "ನಾನು ಆರು ವಾರ ನಿಮಗ ನನ್ನ ಸ್ಟೂಲು ಇಳಿಯಾಕ ಕಲಿಸೀನಿ ನಿಂಬೆವ್ವ. ನಿಮ್ಮ ಕುಣಿ ಅಲ್ಲ."

ಬಾಗಿಲಲ್ಲಿ ನಿಂತಿದ್ದ ಶಶಿಕಲಾ ಕೇಳಿದಳು, "ಹಂಗಾದ್ರ ಕುಣಿ ಮುಚ್ಚಿ ಫರಸಿ ಹಾಕೂ ಮಂದಿಗೆ ಏನ ಹೇಳ್ಲಿ ಅಕ್ಕಾರ?"

"ಪಂಚಮಿಗೆ ಇನ್ನೂ ಐದು ವಾರ ಐತಿ. ಐದು ವಾರ ತಡೀರಿ" ಎಂದವರು ಪ್ರಹ್ಲಾದ ಸರ್.

ಮರುದಿನ ಸರ್ ನನ್ನನ್ನು ಮೌನೇಶನ ಬಳಿ ಒಯ್ದರು. ಅವನಿಗೆ ವಯಸ್ಸಾಗಿತ್ತು. ನನ್ನನ್ನು ಮಗುಚಿ ನೋಡಿ, "ಈ ಗಿಡ್ಡ ಕಾಲು ನಂದ" ಎಂದ. ಅರ್ಧ ಗೇಣು ಎತ್ತರದ ಹಲಗೆಪೆಟ್ಟಿಗೆ ಮಾಡಿ ನನ್ನನ್ನು ಅದರ ಮೇಲೆ ಕೂರಿಸಿದ. ಈಗ ನನ್ನ ಕೆಳ ಮೆಟ್ಟಿಲು ಸರಿಯಾಗಿ ಒಂದೂವರೆ ಗೇಣು. ಅಳ್ಳಾಟವೂ ಅಂದಿಗೆ ನಿಂತಿತು.

ಮುಂದಿನ ದಿನಗಳು ನಿಧಾನ. ನಿಂಬೆವ್ವ ನನ್ನ ಮೇಲೆ ಬಲಗಾಲಲ್ಲಿ ನಿಂತು, ಎಡ ಪಾದವನ್ನು ನೆಲಕ್ಕೆ ಇಳಿಸಬೇಕು, ಬೀಳಿಸಬಾರದು, ಇಳಿಸಬೇಕು. ಮೊದಲು ಪೆಟ್ಟಿಗೆಯಿಲ್ಲದೆ, ಆಮೇಲೆ ಪೆಟ್ಟಿಗೆ ಸಮೇತ. ದಿನಕ್ಕೆ ಆರೇ ಆರು ಸಲ. ಅವಳ ಮೊಣಕಾಲು ಮೊದಲ ವಾರ ನಡುಗುತ್ತಿತ್ತು. ಆ ನಡುಕ ನನ್ನ ಹಲಗೆಯಲ್ಲಿ ಇಳಿದು ಮೊಳೆಗಳವರೆಗೆ ಬರುತ್ತಿತ್ತು. ಅಲ್ಟ್ರಾಸೌಂಡಿನ ಮೇಲೆ ಹನಿ ನಡುಗದ ದಿನ ನೆನಪಾಯಿತು. ಇಲ್ಲಿ ನಡುಗಬೇಕಾದದ್ದು ನಡುಗುತ್ತಿತ್ತು.

"ಸಾಕು ಮಾಡ್ರಿ ಬಾಯಾರ, ಸೊಸಿ ಅಡಿಗಿ ಮಾಡಕೊಂಡ ಕುಂತಿರ್ತಾಳ."

"ಇನ್ನೊಂದ. ಸಾವಕಾಶ."

"ನನ್ನ ಅತ್ತೀನೂ ಇಷ್ಟ ಕಾಡಿರಲಿಲ್ಲ."

ಜಿಲ್ಲಾ ಮೀಟಿಂಗು ಪಂಚಮಿಗೆ ನಾಲ್ಕು ದಿನ ಮೊದಲು ನಮ್ಮ ಆಸ್ಪತ್ರೆಯಲ್ಲೇ ನಡೆಯಿತು. ಹನ್ನೊಂದು ಮಂದಿ ಫಿಸಿಯೋಥೆರಪಿಸ್ಟರು, ಇಪ್ಪತ್ತೆರಡು ಪಾದಗಳು. ನನ್ನನ್ನು ಪೆಟ್ಟಿಗೆ ಸಮೇತ ನಡುವೆ ಇಟ್ಟಿದ್ದರು. ನಿಂಬೆವ್ವ ಬಂದು ಎಲ್ಲರೆದುರು ಇಳಿದು ತೋರಿಸಬೇಕೆಂದು ಮಾತಾಗಿತ್ತು. ಹನ್ನೊಂದು ಗಂಟೆಯಾಯಿತು. ಅವಳು ಬರಲಿಲ್ಲ.

ಜಯಮಾಲಾ ಬೂಟಿನ ತುದಿ ನೆಲ ತಟ್ಟತೊಡಗಿತು. ಬೇರೆ ದಾರಿಯಿಲ್ಲದೆ ಕುಳಿತಲ್ಲೇ ಮಾತು ಶುರುಮಾಡಿದರು. ತಮ್ಮ ತಪ್ಪಿನಿಂದಲೇ ಶುರುಮಾಡಿದರು: ಸತ್ತ ಯಂತ್ರವನ್ನು ಹೊರಗಿಟ್ಟು ತಾವು ಗೆದ್ದೆವೆಂದುಕೊಂಡದ್ದು, ಕುಣಿ ನೋಡದೆ ಮೆಟ್ಟಿಲು ಏರಿಸಿದ್ದು, ಲೆಕ್ಕ ಮೂವತ್ತಾದರೂ ಮಗ್ಗ ನಿಂತೇ ಇದ್ದದ್ದು. "ವ್ಯಾಯಾಮ ಅಂದ್ರ ಹಾಳಿ ಮ್ಯಾಲಿನ ಚಿತ್ರ ಅಲ್ಲ. ಆ ಮನಷ್ಯಾ ಏನ್ ಮಾಡಬೇಕಾಗೇತಿ, ಅದನ್ನ ತುಣುಕು ತುಣುಕು ಮಾಡಿ ಕಲಿಸೂದು. ನಾವ ಅದನ್ನ ನಂಬಲಿಲ್ಲಂದ್ರ ರೋಗಿಗಳು ಹೆಂಗ ನಂಬ್ತಾರ?"

"ಅರವತ್ತು ಮಂದಿ ಸಾಲ ಹಚ್ಚಿದಾಗ ಯಾರ ಮನಿ ಕುಣಿ ನೋಡಾಕ ಹೋಗೂದ್ರಿ ಮೇಡಂ?" ಎಂದಿತು ಹಿಂದಿನ ಸಾಲಿನ ಒಂದು ಜೋಡಿ ಬೂಟು.

ಜಯಮಾಲಾ ಉತ್ತರಿಸುವ ಮೊದಲೇ ಪ್ರಹ್ಲಾದ ಸರ್ ಚಪ್ಪಲಿ ಕಳಚಿದರು. ನನ್ನ ಮೇಲೆ ಏರಿದರು, ಎಡ ಪಾದವನ್ನು ನಿಧಾನ ಇಳಿಸಲು ನೋಡಿದರು. ಅರ್ಧದಲ್ಲೇ ಅವರ ಬಲ ಮೊಣಕಾಲು ಬಿಟ್ಟುಕೊಟ್ಟಿತು. ಧೊಪ್ಪೆಂದು ನಿಂತರು. ಈ ಬಾರಿ ಅಳ್ಳಾಡಿದ್ದು ನಾನಲ್ಲ.

ಕೆಲವರು ನಕ್ಕರು. ಸರ್ ಕೂಡ ನಕ್ಕರು. "ನೋಡಿದ್ರಿ? ಇಪ್ಪತ್ತೆರಡು ವರ್ಷ ಮಂದೀನ್ನ ಮಂಚಾ ಹತ್ತಿಸೀನಿ. ನನಗ ಇಳಿಯಾಕ ಬರವಲ್ದು. ಮನಿಗೆ ಹೋಗಾಕ ಆಗಲಿಲ್ಲಂದ್ರ ಬಿಡ್ರಿ. ಕೇಳಾಕರ ಬರ್ತೈತೆಲ್ಲ? ನೀವು ಎಲ್ಲಿ ಇಳೀತೀರಿ, ಎಲ್ಲಿ ಏರ್ತೀರಿ, ಏನ್ ಹೊರ್ತೀರಿ. ಎರಡು ನಿಮಿಷದ ಮಾತು. ನಾನು ಅದನ್ನೂ ಕೇಳಿರಲಿಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಶಶಿಕಲಾ ಕಾಣಿಸಿದಳು. ಒಬ್ಬಳೇ. ಜಯಮಾಲಾ ಅರ್ಧ ಎದ್ದರು.

"ಅತ್ತಿ ಬರಾಂಗಿಲ್ಲಂತ್ರಿ ಅಕ್ಕಾರ. ನಿಮಗ ಹೇಳಂದಾರ. ಮುಂಜಾನೆ ಕುಣಿಗೆ ಇಳದಾರ. ಸೀರಿ ಶುರು ಆಗೇತಿ, ನಡುವ ಏಳಾಕ ಆಗೂದಿಲ್ಲಂತ."

ಜಯಮಾಲಾ ಮತ್ತೆ ಕುಳಿತರು. ಅವರ ಬೂಟಿನ ತುದಿ ನಿಂತಿತು. ಅದು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅಂದೇ.

ಎಲ್ಲರೂ ಒಪ್ಪಿದರೆಂದು ನಾನು ಹೇಳಲಾರೆ. ಹನ್ನೊಂದರಲ್ಲಿ ನಾಲ್ವರು ಮರುವಾರ ಬಂದು ನನ್ನ ಅಳತೆ ಬರೆದುಕೊಂಡು ಹೋದರು. ಹಿಂದಿನ ಸಾಲಿನ ಆ ಬೂಟುಗಳೂ ಬಂದಿದ್ದವು. ನಮ್ಮ ಕೋಣೆಯಲ್ಲಿ ಆರು ಮಂಚಗಳಲ್ಲಿ ಮೂರನ್ನು ತೆಗೆದು ನೆಲ ಬಿಡಿಸಿದರು. ಕರೆಂಟ್ ಕೇಳುವವರು ಇನ್ನೂ ಇದ್ದರು. ಕೆಲವರಿಗೆ ಕೊಡುತ್ತಲೂ ಇದ್ದರು. ಆದರೆ ಈಗ ಮೊದಲು ಕೇಳುತ್ತಿದ್ದವರು ಪ್ರಹ್ಲಾದ ಸರ್: "ನಿಮ್ಮ ಮನ್ಯಾಗ ಯಾವುದು ಇಳಿಯಾಕ ಬರವಲ್ದು, ಹೇಳ್ರಿ."

ಹಲವು ವರ್ಷಗಳ ನಂತರ ಕಬ್ಬಿಣದ ಸ್ಟೂಲುಗಳು ಬಂದವು. ನನ್ನ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಗೀಟು ಎಳೆದು ಹೊರಗಿಟ್ಟರು. ಹರಾಜಿನ ದಿನ ನನ್ನನ್ನು ಕೊಂಡವಳು ಶಶಿಕಲಾ.

ಈಗ ನಾನು ಮಗ್ಗದ ಕುಣಿಯ ಅಂಚಿನಲ್ಲಿದ್ದೇನೆ. ಪೆಟ್ಟಿಗೆ ಕಳಚಿಹೋಯಿತು, ಗಿಡ್ಡ ಕಾಲಿನ ಕೆಳಗೆ ಸೀರೆಯ ಅಂಚಿನ ತುಂಡೊಂದನ್ನು ಮಡಚಿ ಇಟ್ಟಿದ್ದಾರೆ. ನನ್ನ ಮೇಲಿನ ಮೆಟ್ಟಿಲಲ್ಲಿ ನೂಲಿನ ಬುಟ್ಟಿ, ಕೆಳಗಿನದರಲ್ಲಿ ನಿಂಬೆವ್ವನ ಕನ್ನಡಕ. ನಾನು ಬೇರೆಯವರು ಕಾಲಿಡಲೆಂದು ಹುಟ್ಟಿದವನು. ಯಾರೂ ಕಾಲಿಡದಿದ್ದರೆ ನನ್ನ ಗತಿಯೇನು ಎಂದು ಒಂದು ಕಾಲದಲ್ಲಿ ಹೆದರುತ್ತಿದ್ದೆ.

ಪ್ರತಿದಿನ ಬೆಳಗ್ಗೆ ನಿಂಬೆವ್ವ ಬರುತ್ತಾಳೆ. ಅವಳಿಗೆ ಈಗ ಅರವತ್ತು ದಾಟಿದೆ. ಕೈಯಲ್ಲಿ ಏನನ್ನೂ ಹಿಡಿಯುವುದಿಲ್ಲ. ಅವಳ ಬಲ ಮೊಣಕಾಲು ನನ್ನ ಪಕ್ಕದಲ್ಲೇ ಮೆಲ್ಲಗೆ ಬಾಗುತ್ತದೆ, ಎಡ ಪಾದ ನನ್ನನ್ನು ದಾಟಿ ಕಲ್ಲಿನ ಮೇಲೆ ಸದ್ದಿಲ್ಲದೆ ಇಳಿಯುತ್ತದೆ. ನಾನು ಇಂದಿಗೂ ಉಸಿರು ಬಿಗಿಹಿಡಿದು ನೋಡುತ್ತೇನೆ. ಆಮೇಲೆ ಮಗ್ಗದ ಸದ್ದು ಶುರುವಾಗುತ್ತದೆ.