ಹಿಂದಿನ ಚಕ್ರದ ಕಲ್ಲು

"ಕಲ್ಲು! ಯಾರಾದ್ರೂ ಕಲ್ಲು ಕೊಡ್ರೋ!"

ಕೂಗುತ್ತಲೇ ಕೈಯಲ್ಲಿದ್ದ ಪೊರಕೆ ಬಿಸಾಡಿ ಡ್ರೈವರ್ ಓಡಿದ. ಸಿಮೆಂಟ್ ತುಂಬಿದ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನ ಇಳಿಜಾರಿನ ಅಂಗಳದಲ್ಲಿ ಹಿಂದಕ್ಕೆ ಉರುಳುತ್ತಿತ್ತು. ಕ್ಯಾಬಿನ್ನಿನಲ್ಲಿ ಅವನ ಬಾಮೈದ ಎರಡೂ ಕಾಲಲ್ಲಿ ಬ್ರೇಕು ತುಳಿಯುತ್ತಿದ್ದ. ಬ್ರೇಕು ಹಿಡಿಯುತ್ತಿರಲಿಲ್ಲ. ಡ್ರೈವರ್ ಸಿಕ್ಕ ಕಲ್ಲನ್ನೆತ್ತಿ ಚಕ್ರದಡಿ ನೂಕಿದ. ಚಕ್ರ ಅದನ್ನು ಗೋಲಿಯಂತೆ ಚಿಮ್ಮಿಸಿತು. ಹಳೇ ಟೈರುಗಳ ರಾಶಿಗೆ ಗುದ್ದಿ, ಆಫೀಸಿನ ಗೋಡೆಗೆ ಗೇಣು ದೂರದಲ್ಲಿ ಲಾರಿ ನಿಂತಿತು.

ಅಂಗಳದಲ್ಲಿದ್ದ ಡ್ರೈವರುಗಳು ದೂರದಲ್ಲೇ ಗುಂಪುಗೂಡಿದರು.

ಬಾಮೈದ ಕೆಳಗಿಳಿದ. ಭಾವನ ಹೆಗಲಿಗೇ ಜೋತುಬಿದ್ದು ಪಿಸುಗುಟ್ಟಿದ. "ಎಲ್ಲಾ ನೋಡ್ತಿದ್ರು ಭಾವ. ನನ್ನನ್ನೂ ಕಲ್ಲಣ್ಣ ಅಂತಾರೆ ಅಂತ ಇಂಜಿನ್ ಚಾಲೂ ಮಾಡೋ ಮೊದಲೇ ಕಲ್ಲು ತೆಗೆದುಬಿಟ್ಟೆ. ಹತ್ತಿ ಹ್ಯಾಂಡ್‌ಬ್ರೇಕ್ ಬಿಟ್ಟೆ, ಅಷ್ಟೇ."

ಕಲ್ಲಣ್ಣ ಅಂದರೆ ಈ ಡ್ರೈವರ್. ಆ ಲಾರಿಯ ಬ್ರೇಕು ಹಿಡಿಯುವುದೇ ಗಾಳಿಯ ಒತ್ತಡದಿಂದ, ಆದರೆ ಅದರಲ್ಲಿ ಗಾಳಿ ನಿಲ್ಲುತ್ತಿರಲಿಲ್ಲ. ಎಲ್ಲಿ ನಿಲ್ಲಿಸಿದರೂ ಅವನು ಮೊದಲು ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಹೊರಡುವಾಗ ಇಂಜಿನ್ ಚಾಲೂ ಮಾಡಿ, ಗಾಳಿಯ ಒತ್ತಡ ತೋರಿಸುವ ಮುಳ್ಳು ಮೇಲೇರುವವರೆಗೆ ಕಾದು, ಆಮೇಲೆ ಕಲ್ಲು ತೆಗೆಯುತ್ತಿದ್ದ. ಮಿಕ್ಕ ಡ್ರೈವರುಗಳಿಗೆ ಅದೊಂದು ತಮಾಷೆ. ಕೊನೆಗೊಂದು ದಿನ, ರಿಪೇರಿ ಮಾಡಿಸದೆ ಘಾಟಿ ಇಳಿಸಲ್ಲ, ಹೀಗೇ ಆದರೆ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಎಂದು ಯಜಮಾನನಿಗೆ ಹೇಳಿದ. ಯಜಮಾನ ಜಗಳವಾಡಲಿಲ್ಲ. ಕೀಲಿಕೈ ಕಿತ್ತುಕೊಂಡು, ಅಂಗಳ ಗುಡಿಸು ಎಂದು ಪೊರಕೆ ಕೊಟ್ಟ. ಅದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಅದೇ ಲಾರಿಯನ್ನು, ಡ್ರೈವರೇ ಸ್ಟೀರಿಂಗ್ ಹಿಡಿಯಲು ಕಲಿಸಿದ್ದ ಈ ಬಾಮೈದನ ಕೈಗೆ ಕೊಟ್ಟ.

ಯಜಮಾನ ಈಗ ಆಫೀಸಿನಿಂದ ಹೊರಬಂದ. ಗೋಡೆ ನೋಡಿದ, ಲಾರಿ ನೋಡಿದ, ಹುಡುಗನ ಕಡೆ ತಿರುಗಲೂ ಇಲ್ಲ.

"ನೋಡಿದ್ರೇನ್ರೋ ಈ ಮನುಷ್ಯನ ಕೆಲಸ! ಬ್ರೇಕ್ ಸರಿಯಿಲ್ಲ ಅಂತ ಸಾಧಿಸೋಕೆ ಕಲ್ಲು ಕಿತ್ತಿದ್ದಾನೆ. ಸ್ವಂತ ಬಾಮೈದ ಅಂತಾನೂ ನೋಡ್ಲಿಲ್ಲ!"

ಡ್ರೈವರ್‌ಗೆ ನಗು ಬಂದಂತಾಯಿತು. ಇಷ್ಟು ದೊಡ್ಡ ಗೂಬೆಯನ್ನು ಇಷ್ಟು ಸಲೀಸಾಗಿ ತಲೆಯ ಮೇಲೆ ಕೂರಿಸಬಹುದೆಂದು ಅವನಿಗೆ ಗೊತ್ತಿರಲಿಲ್ಲ.

"ನೀನೇ ಹೇಳೋ," ಎಂದು ಬಾಮೈದನ ಕಡೆ ತಿರುಗಿದ. "ಈಗ ತಾನೇ ನನ್ನ ಹತ್ರ ಏನಂದೆ?"

ಬಾಮೈದನ ಕೈ ಇನ್ನೂ ಅವನ ಹೆಗಲ ಮೇಲೇ ಇತ್ತು. ಅದು ಮೆಲ್ಲಗೆ ಜಾರಿತು.

"ಭಾವನೇ ತೆಗೆದಿದ್ದು ಸಾರ್. ನಾನು ನೋಡಿದೆ."

ಲಾರಿ ಉರುಳಿದಾಗಲೂ ಡ್ರೈವರ್‌ನ ಎದೆ ಹೀಗೆ ನಿಂತಿರಲಿಲ್ಲ. ಯಾರೋ ತನ್ನ ತೋಳು ಹಿಡಿದು ಆಫೀಸಿಗೆ ನಡೆಸುತ್ತಿದ್ದಾರೆ ಎಂಬುದು ಕುರ್ಚಿಯ ಮೇಲೆ ಕೂತಮೇಲೆ ತಿಳಿಯಿತು. ಫ್ಯಾನ್ ತಿರುಗುತ್ತಿತ್ತು. ಯಜಮಾನ ನೀರಿನ ಲೋಟ ಮುಂದಿಟ್ಟ, ದನಿ ಬೆಣ್ಣೆಯಾಗಿತ್ತು.

"ನಂಗೇನು ನಿನ್ಮೇಲೆ ಹಗೆಯೇನಯ್ಯಾ? ಹೊಸ ಗಾಡಿ ಬಂದಿದೆ, ಅದನ್ನ ನೀನೇ ಓಡಿಸು. ಹೊರಗೆ ಹೋಗಿ ಎಲ್ಲರ ಮುಂದೆ ಒಂದೇ ಒಂದು ಮಾತು ಹೇಳ್ಬಿಡು. ಕಲ್ಲು ನಾನೇ ತೆಗೆದೆ, ಬ್ರೇಕ್ ಸರಿಯಾಗೇ ಇದೆ ಅಂತ. ಇಲ್ಲಾಂದ್ರೆ, ಬಾಮೈದನ್ನ ಕೊಲ್ಲೋಕೆ ಹೋದವನು ಅಂತ ನಾನೇ ಎಲ್ಲಾ ಟ್ರಾನ್ಸ್‌ಪೋರ್ಟಿಗೂ ಫೋನ್ ಮಾಡ್ತೀನಿ. ಆಮೇಲೆ ನಿಂಗೆ ಸೈಕಲ್ ಹ್ಯಾಂಡಲ್ಲೂ ಸಿಗಲ್ಲ."

"ಹಳೇ ಗಾಡಿ?"

"ನಿನ್ನ ಬಾಮೈದ ಇದಾನಲ್ಲ. ಲೋಡ್ ಆಗಿದೆ, ಈಗ್ಲೇ ಘಾಟಿ ಇಳಿಸ್ತಾನೆ."

ಬಾಮೈದ ಬಾಗಿಲಲ್ಲಿ ನಿಂತಿದ್ದ. ಅಂಗಿ ಇನ್ನೂ ಬೆವರಿಗೆ ಅಂಟಿಕೊಂಡಿತ್ತು. "ಒಪ್ಪಿಕೋ ಭಾವ," ಎಂದ, ನೆಲ ನೋಡುತ್ತ. "ನಿಂಗೂ ಒಳ್ಳೇದು, ನಂಗೂ ಕೆಲಸ ಉಳಿಯುತ್ತೆ. ಅಕ್ಕಂಗೆ ನಾನು ಹೇಳ್ತೀನಿ."

ಸಾಯಲು ಹೊರಟವನೇ ತನಗೆ ಸಮಾಧಾನ ಹೇಳುತ್ತಿದ್ದಾನೆ! ಡ್ರೈವರ್ ಅವನ ಮುಖವನ್ನು ಗುರುತು ಸಿಗದವನಂತೆ ನೋಡಿದ. ಯಜಮಾನ ಹೊಸ ಗಾಡಿಯ ಕೀಲಿಕೈಯನ್ನು ಮೇಜಿನ ಮೇಲೆ ಜಾರಿಸಿ ಅವನ ಬೆರಳಿಗೆ ತಾಗಿಸಿದ.

ಡ್ರೈವರ್ ಬೆರಳು ಹಿಂದಕ್ಕೆಳೆದುಕೊಂಡ.

"ಬೇಡ," ಎಂದ. "ಬ್ರೇಕ್ ಸರಿಯಿಲ್ಲ."