ಒಂದೇ ಮಟ್ಟದ ನೆಲ

ಅಡುಗೆಮನೆಯ ಕಟ್ಟೆಯ ಮೂಲೆ ಗುಂಡಗಾಗಿತ್ತು. ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವಾಗ ಆ ಕಪ್ಪು ಕಲ್ಲು ಚೂಪು ಅಂಚಿನೊಂದಿಗೆ ಗೋಡೆಗೆ ಒರಗಿ ನಿಂತಿತ್ತು. ಮೂಲೆ ಚೌಕವಾಗಿಯೇ ಇರಲಿ ಎಂದು ಮೇಸ್ತ್ರಿಗೆ ಹೇಳಿ, ಸೀಮೆಸುಣ್ಣದಲ್ಲಿ ಗೆರೆಯನ್ನೂ ಎಳೆದು ಹೋಗಿದ್ದಳು. ಈಗ ಸಂಜೆ, ಹೆಗಲ ಚೀಲವನ್ನು ಇಳಿಸದೆಯೇ ಆ ಮೂಲೆಯ ಮೇಲೆ ಬೆರಳಾಡಿಸಿದಳು. ಹೊಳೆಯ ಕಲ್ಲಿನಷ್ಟು ನುಣುಪಾಗಿತ್ತು.

"ಇದನ್ನ ಹೀಗೆ ಮಾಡಿ ಅಂತ ಯಾರು ಹೇಳಿದ್ದು?"

ಮೇಸ್ತ್ರಿ ಬಕೆಟ್ಟಿನಲ್ಲಿ ಕರಣೆ ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ. "ಯಜಮಾನ್ರು ಮಧ್ಯಾಹ್ನ ಬಂದಿದ್ರಮ್ಮ."

"ಚೌಕ ಬೇಕು ಅಂತ ನಾನು ಹೇಳಿದ್ದೆನಲ್ಲ."

"ಹೇಳಿದ್ರಿ. ನೀವು ಹೇಳಿದ್ದನ್ನ ಅವರಿಗೂ ಹೇಳ್ದೆ. ನೀವಿಬ್ರೂ ಮೊದ್ಲು ಕೂತು ಮಾತಾಡ್ಕೊಂಡ್ಬಿಡಿ, ಆಮೇಲೆ ನಾನು ಕಲ್ಲು ಕೊಯ್ತೀನಿ. ಕೊಯ್ದ ಕಲ್ಲನ್ನ ಮತ್ತೆ ಅಂಟಿಸೋ ವಿದ್ಯೆ ನನಗೆ ಬರಲ್ಲ."

ಗಂಡ ಮಧ್ಯಾಹ್ನ ಮನೆಗೆ ಬಂದಿದ್ದ. ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಒಬ್ಬರು ಇಳಿಯುವುದರೊಳಗೆ ಇನ್ನೊಬ್ಬರು ಹತ್ತುತ್ತಾರೆ, ತುತ್ತು ಬಾಯಿಗಿಡಲೂ ಪುರಸೊತ್ತಿಲ್ಲ ಎಂದು ದಿನವೂ ಗೊಣಗುವವನು. ಅಂಥವನು ಅರ್ಧ ಊರು ದಾಟಿ ಬಂದು, ಒಂದು ಕಲ್ಲಿನ ಮೂಲೆ ಉಜ್ಜಿಸಿ ಹೋಗಿದ್ದ. ಬಂದದ್ದನ್ನು ಅವಳಿಗೆ ಹೇಳಿರಲಿಲ್ಲ.

ಮನೆ ಹಳೆಯದು. ಕಟ್ಟಿದವರು ಕೈಯಲ್ಲಿ ದುಡ್ಡು ಬಂದಾಗಲೆಲ್ಲ ಒಂದೊಂದು ಕೋಣೆ ಸೇರಿಸಿರಬೇಕು, ಒಂದರ ನೆಲ ಇನ್ನೊಂದಕ್ಕೆ ತಾಳೆಯಾಗುತ್ತಿರಲಿಲ್ಲ. ಅಡುಗೆಮನೆಗೆ ಒಂದು ಮೆಟ್ಟಿಲು ಇಳಿಯಬೇಕು, ಬಚ್ಚಲಿಗೆ ಹತ್ತಬೇಕು, ಮಲಗುವ ಕೋಣೆಯ ಬಾಗಿಲಲ್ಲಿ ಮೊಣಕಾಲೆತ್ತರದ ಹೊಸ್ತಿಲು. ರಿಪೇರಿ ಮಾಡಿಸೋಣ ಎಂಬ ಮಾತು ಎಷ್ಟೋ ವರ್ಷಗಳಿಂದ ಅವರ ಮಧ್ಯೆ ಸುಳಿದಾಡುತ್ತಿತ್ತು. ಪ್ರತಿ ಸಲವೂ ಅವಳು ಎತ್ತುವುದು, ಅವನು ಮುಂದಕ್ಕೆ ತಳ್ಳುವುದು. ಈ ಸಲ ಅವನೇ ಎತ್ತಿದ. ಅವಳಿಗೆ ಮೊದಲು ಅನುಮಾನ ಬಂದದ್ದು ಅಲ್ಲಿಯೇ.

ಅವಳಿಗೆ ಬೇಕಿದ್ದದ್ದು ದೊಡ್ಡ ಕಿಟಕಿ, ಸೋರದ ಸೂರು, ಒಳ್ಳೆಯ ಅಡುಗೆಮನೆ. ಅದೆಲ್ಲ ಆಗುತ್ತಿತ್ತು. ಆದರೆ ಅದರ ಜೊತೆಜೊತೆಗೇ ಅವಳು ಕೇಳದೇ ಇದ್ದ ಇನ್ನೇನೋ ಆಗುತ್ತಿತ್ತು. ಅಡುಗೆಮನೆಯ ನೆಲವನ್ನು ಎತ್ತರಿಸಿ ಹಜಾರಕ್ಕೆ ಸಮ ಮಾಡಿದರು. ಹೊಸ್ತಿಲು ಕಿತ್ತರು. ಬಚ್ಚಲಿನ ಗೋಡೆಗೆ ಸ್ಟೀಲಿನ ಹಿಡಿಗಳು ಬಂದವು. ಅದರ ತಳ್ಳುವ ಬಾಗಿಲನ್ನು ತೆಗೆದು ಸರಿಸುವ ಬಾಗಿಲು ಹಾಕಿದರು. ಒಂದು ಕ್ಷಣ ಕಾಣಿಸಿಕೊಂಡು ಮಾಯವಾಗುತ್ತಿದ್ದುದಕ್ಕೆ ಅವಳಿಂದಲೇ 'ಮಿಂಚು' ಎಂದು ಹೆಸರು ಪಡೆದಿದ್ದ ಎಲೆಕ್ಟ್ರಿಷಿಯನ್ ಒಂದು ದಿನ ಪೂರ್ತಿ ನಿಂತು, ಎಲ್ಲ ಕೋಣೆಗಳ ಸ್ವಿಚ್ಚುಗಳನ್ನೂ ಬಾಗಿಲಿನ ಬಲಕ್ಕೆ, ಒಂದೇ ಎತ್ತರಕ್ಕೆ ತಂದಿಟ್ಟ. ಯಾಕೆ ಎಂದು ಕೇಳಿದಾಗಲೆಲ್ಲ ಗಂಡನ ಬಳಿ ಉತ್ತರ ಸಿದ್ಧವಿರುತ್ತಿತ್ತು: ಈಗೆಲ್ಲ ಹೀಗೇ ಮಾಡೋದು, ನೋಡೋಕೆ ನೀಟಾಗಿರತ್ತೆ, ಮುಂದೆ ಅನುಕೂಲ.

ಯಾರಿಗೆ ಅನುಕೂಲ ಎಂಬುದನ್ನು ಅವನು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವನ ಅಕ್ಕನಿಗೆ ಮೊಣಕಾಲು ಬಗ್ಗುವುದಿಲ್ಲ.

ಅಕ್ಕ ಹಿಂದೊಮ್ಮೆ ಕಾಲಿನ ಆಪರೇಷನ್ ಆದಮೇಲೆ ಇಲ್ಲಿಗೆ ಬಂದಿದ್ದರು. ಹದಿನೈದು ದಿನಕ್ಕೆಂದು ಬಂದವರು ಚಳಿಗಾಲ ಪೂರ್ತಿ ಉಳಿದರು. ಮೊದಲ ವಾರ ಮಂಚದ ಮೇಲಿದ್ದರು, ಎರಡನೆಯ ವಾರ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡರು, ಮೂರನೆಯ ವಾರದಿಂದ ಡಬ್ಬಿಗಳು ಜಾಗ ಬದಲಿಸತೊಡಗಿದವು. ಸಂಜೆ ಕೆಲಸದಿಂದ ಬಂದವಳು ತನ್ನದೇ ಮನೆಯಲ್ಲಿ ಸಕ್ಕರೆ ಎಲ್ಲಿದೆ ಎಂದು ಕೇಳಬೇಕಾಗುತ್ತಿತ್ತು. ಅವರು ಹೋದ ದಿನ ಅವಳು ಗಂಡನಿಂದ ಒಂದು ಮಾತು ತೆಗೆದುಕೊಂಡಿದ್ದಳು. ಇನ್ನು ಮುಂದೆ ತನ್ನನ್ನು ಕೇಳದೆ ಯಾರನ್ನೂ ಈ ಮನೆಯಲ್ಲಿ ಉಳಿಸಿಕೊಳ್ಳಬಾರದು. ಅವನು ಒಪ್ಪಿದ್ದ. ಅವರ ಮಧ್ಯೆ ಆಣೆ ಪ್ರಮಾಣ ಎಂದು ಇದ್ದದ್ದು ಅದೊಂದೇ.

ಈಗ ಆ ಮಾತಿನ ಬುಡಕ್ಕೇ ಕೊಡಲಿ ಬಿದ್ದಿತ್ತು, ಅದೂ ಅವಳ ಕಣ್ಣೆದುರಿಗೆ, ಒಂದೊಂದೇ ಟೈಲ್ಸ್ ಲೆಕ್ಕದಲ್ಲಿ.

ಕಣ್ಣಿಗೆ ಮಣ್ಣೆರಚುವುದು ಅವಳ ಬಳಿ ನಡೆಯುತ್ತಿರಲಿಲ್ಲ. ತಪ್ಪು ಹಿಡಿಯುವುದೇ ಅವಳ ಕೆಲಸ. ಬಟ್ಟೆ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ, ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಬಟ್ಟೆ ಸರಿದು ಹೋಗುತ್ತಿರುತ್ತದೆ. ತಪ್ಪಿದ ಎಳೆ, ಎಣ್ಣೆಯ ಚುಕ್ಕೆ, ಬಣ್ಣದ ಏರುಪೇರು ಕಂಡ ಕಡೆ ಅವಳು ಕೆಂಪು ಚೀಟಿ ಅಂಟಿಸುತ್ತಾಳೆ. ಅವಳ ಮೇಜು ದಾಟಿದ ಬಟ್ಟೆಯನ್ನು ಇನ್ನೊಬ್ಬರು ನೋಡಬೇಕಾಗಿಲ್ಲ ಎಂಬ ಹೆಸರಿತ್ತು. ಈಚೆಗೆ ಮಾತ್ರ ಒಂದು ಸುರುಳಿ ವಾಪಸು ಬಂದಿತ್ತು, ಅಂಚಿನುದ್ದಕ್ಕೂ ನೂಲು ಕಿತ್ತು ಹೋದದ್ದು. ಇಂಥದ್ದು ತನ್ನ ಕಣ್ಣು ತಪ್ಪಲು ಸಾಧ್ಯವೇ ಇಲ್ಲ ಎಂದು ಅವಳು ಸೂಪರ್‌ವೈಸರಿಗೆ ಹೇಳಿದ್ದಳು. ಪಕ್ಕದ ಮೇಜಿನವಳು ಸುರುಳಿ ಅದಲುಬದಲು ಮಾಡಿದ್ದಾಳೆ ಎಂಬುದರಲ್ಲಿ ಅವಳಿಗೆ ಸಂದೇಹವಿರಲಿಲ್ಲ.

ಮನೆಯಲ್ಲೂ ಹಾಗೆಯೇ. ಕೆಲಸದವರು ಸಾಮಾನನ್ನು ಎಲ್ಲೆಂದರಲ್ಲಿ ಬಿಟ್ಟು ಹೋಗುತ್ತಿದ್ದರು. ಎಡಗಾಲಿಗೆ ಟೈಲ್ಸ್ ಪೆಟ್ಟಿಗೆ ತಗುಲುವುದು, ಎಡ ಭುಜಕ್ಕೆ ಏಣಿ ಬಡಿಯುವುದು ದಿನದ ಮಾತಾಗಿತ್ತು. ಮೇಸ್ತ್ರಿಗೆ ಬೈದರೆ, ಆ ಏಣಿ ವಾರದಿಂದ ಅಲ್ಲೇ ಇದೆಯಲ್ಲಮ್ಮ ಎನ್ನುತ್ತಿದ್ದ. ಅವನೂ ಗಂಡನ ಪಾರ್ಟಿ.

ಭಾನುವಾರ ಬೆಳಿಗ್ಗೆ ಅವಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ, ಇನ್ನೂ ಗಾಜು ಕೂರಿಸದ ಕಿಟಕಿಯಿಂದ ಗಂಡನ ದನಿ ಕೇಳಿಸಿತು. ಫೋನಿನಲ್ಲಿ ಅಕ್ಕನ ಜೊತೆ ಮಾತಾಡುತ್ತಿದ್ದ. ಹೂಂ, ಹೂಂ ಎಂದು ಕೇಳಿಸಿಕೊಂಡು ಕೊನೆಗೆ ತಗ್ಗಿದ ದನಿಯಲ್ಲಿ, "ಬೇಡಕ್ಕ, ಈಗ್ಲೇ ಅವಳಿಗೆ ಗೊತ್ತಾಗೋದು ಬೇಡ. ಕೆಲಸ ಮುಗೀಲಿ, ನಾನೇ ಹೇಳ್ತೀನಿ. ನೀನೊಮ್ಮೆ ಬಂದು ನೋಡ್ಕೊಂಡು ಹೋಗು," ಅಂದ.

ಅವಳು ಕೈಯಲ್ಲಿದ್ದ ಟವೆಲನ್ನು ಹಿಂಡಿದ್ದನ್ನೇ ಮತ್ತೆ ಹಿಂಡಿದಳು. ಒಳಗೆ ಹೋಗಿ ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಕೇಳಿದರೆ ಅವನ ಬಳಿ ಇನ್ನೊಂದು ಉತ್ತರ ಸಿದ್ಧವಿರುತ್ತದೆ. ಅಕ್ಕ ಬರಲಿ, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೇ ಕೇಳುತ್ತೇನೆ ಎಂದುಕೊಂಡಳು.

ಅಕ್ಕ ಮುಂದಿನ ಭಾನುವಾರವೇ ಬಂದರು, ಕೋಲೂರಿಕೊಂಡು. ಗಂಡ ಅವರನ್ನು ಕೋಣೆಯಿಂದ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದ. ಅವಳು ಒಂದು ಹೆಜ್ಜೆ ಹಿಂದೆಯೇ ಇದ್ದು ಗಮನಿಸಿದಳು. ವಿಚಿತ್ರವೆಂದರೆ, ಬಚ್ಚಲಿನ ಹಿಡಿಗಳನ್ನು ಅಕ್ಕ ಮುಟ್ಟಿಯೂ ನೋಡಲಿಲ್ಲ. ಸಮ ಮಾಡಿದ ನೆಲವನ್ನು ನೋಡಿ ಪರವಾಗಿಲ್ಲ ಎಂದರು. ಸ್ವಿಚ್ಚಿನ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಂತರು. ಒಮ್ಮೆ ಹಾಕಿದರು, ಒಮ್ಮೆ ಆರಿಸಿದರು. ಒಳ್ಳೆಯ ನಟನೆ ಎಂದುಕೊಂಡಳು ಅವಳು.

ಅವಳು ಅಡುಗೆಮನೆಯಲ್ಲಿ ಚಹಾ ಸೋಸುವಾಗ ಅಕ್ಕ ಅವಳ ಎಡಕ್ಕೆ ಸ್ಟೂಲಿನ ಮೇಲೆ ಕೂತಿದ್ದರು. ಗಂಡ ಎದುರಿನ ಬಾಗಿಲಿಗೆ ಒರಗಿದ್ದ. ಇದೇ ಸಮಯ ಎನ್ನಿಸಿತು.

"ಅತ್ತಿಗೆ, ಮನೆ ನಿಮಗೆ ಹಿಡಿಸ್ತಾ? ಏನಾದ್ರೂ ಬದಲಾಯಿಸ್ಬೇಕಿದ್ರೆ ಈಗ್ಲೇ ಹೇಳಿಬಿಡಿ. ಮೇಸ್ತ್ರಿ ಇನ್ನೂ ಲೆಕ್ಕ ಮುಗಿಸಿಲ್ಲ."

ಅಕ್ಕ ಅವಳ ಮುಖವನ್ನೇ ನೋಡಿದರು. "ನನಗ್ಯಾಕೆ ಹಿಡಿಸ್ಬೇಕು? ನಾನೇನು ಇಲ್ಲಿ ಬಂದು ಇರ್ತೀನಾ?"

"ಮತ್ತೆ ಇದೆಲ್ಲ ಯಾರಿಗೆ?"

"ನೋಡು, ಅಲ್ಲಿ ನನ್ನ ಮನೇಲಿ ಬೈದ್ರೆ ತಿರುಗಿ ಬೈಯೋಕೆ ಸೊಸೆ ಇದ್ದಾಳೆ, ಹೊತ್ತು ಹೋಗತ್ತೆ. ನೀನು ತಿರುಗಿ ಬೈಯಲ್ಲ. ನಾನು ಮುಟ್ಟಿದ ಡಬ್ಬಿ ಎಲ್ಲಾ ಎಣಿಸ್ತೀಯ. ನಿನ್ನ ಜೊತೆ ಜಗಳ ಆಡೋದೂ ಬೇಜಾರು," ಎಂದು ನಕ್ಕರು ಅಕ್ಕ. ನಗುತ್ತಲೇ ಕಟ್ಟೆಯ ಮೇಲಿದ್ದ ಲೋಟವನ್ನು ಎತ್ತಿ, "ತಗೋ, ಮೊದ್ಲು ನೀನು ಕುಡಿ," ಎಂದು ಚಾಚಿದರು.

ಅವಳಿಗೆ ಮಾತು ಕೇಳಿಸಿತು. ಏನನ್ನು ತೆಗೆದುಕೊಳ್ಳಬೇಕು ಎಂಬುದು ಹೊಳೆಯಲಿಲ್ಲ. ಸಕ್ಕರೆ ಡಬ್ಬಿಗೆಂದು ಎಡಗೈ ಬೀಸಿದಳು. ಬಿಸಿ ಚಹಾ ಮೊಣಕೈಯ ಮೇಲೆ ಚೆಲ್ಲಿ, ಲೋಟ ಹೊಸ ನೆಲದ ಮೇಲೆ ಠಣಠಣ ಎಂದು ಉರುಳಿಕೊಂಡು ಹೋಯಿತು.

"ಕೊಡ್ತೀರಿ ಅಂತ ಗೊತ್ತಾಗೋದು ಬೇಡ್ವಾ? ಸುಮ್ಮನೆ ಪಕ್ಕದಿಂದ ಚಾಚಿದ್ರೆ," ಎಂದಳು. ತಾನು ಅಷ್ಟು ಗಟ್ಟಿಯಾಗಿ ಮಾತಾಡುತ್ತೇನೆಂದು ಅವಳೇ ಅಂದುಕೊಂಡಿರಲಿಲ್ಲ.

ಅವಳು ಕತ್ತು ತಿರುಗಿಸಿ ನೋಡಿದಾಗ ಅಕ್ಕನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಅಕ್ಕ ತಮ್ಮನ ಮುಖ ನೋಡುತ್ತಿದ್ದರು. ತಮ್ಮ ಅಕ್ಕನ ಮುಖ ನೋಡುತ್ತಿದ್ದ. ಅವಳು ಇಷ್ಟು ದಿನ ಹುಡುಕುತ್ತಿದ್ದುದು ಸಿಕ್ಕಿತ್ತು. ಇಬ್ಬರ ಮಧ್ಯೆ ಏನೋ ಇತ್ತು. ಆದರೆ ಅದು ಅವಳು ಅಂದುಕೊಂಡ ಹಾಗೆ ಕಾಣಲಿಲ್ಲ. ಕಳ್ಳತನ ಮಾಡಿ ಸಿಕ್ಕಿಬಿದ್ದವರ ಮುಖ ಹಾಗಿರುವುದಿಲ್ಲ.

ಅಕ್ಕ ಹೆಚ್ಚು ಹೊತ್ತು ಕೂರಲಿಲ್ಲ. ಹೊರಡುವಾಗ ಅವಳ ಮೊಣಕೈ ಹಿಡಿದು ಸುಟ್ಟ ಜಾಗವನ್ನು ನೋಡಿ, ಏನಾದರೂ ಹಚ್ಚಿಕೋ ಎಂದರು. ಆಮೇಲೆ ತಮ್ಮನ ಕಡೆ ತಿರುಗಿ, "ಇವತ್ತೇ ಹೇಳು," ಅಂದರು.

ಆಟೋ ಹೋದಮೇಲೆ ಅವಳು ಖಾಲಿ ಹಜಾರದ ನಡುವೆ ನಿಂತಳು. "ಹೇಳಿ."

ಕಲಿಯಲು ಬಂದವರು ಹೆದರಿ ಸ್ಟೇರಿಂಗನ್ನು ಬಿಗಿ ಹಿಡಿದಾಗ ಬಳಸುವ ದನಿ ಅವನಲ್ಲೊಂದಿತ್ತು, ನಿಧಾನದ, ಏರಿಳಿತವಿಲ್ಲದ ದನಿ. ಆ ದನಿಯಲ್ಲಿ ಶುರುಮಾಡಿದ. ರಸ್ತೆ ದಾಟುವಾಗ ಎಡಗಡೆಯಿಂದ ಬರುವ ಗಾಡಿ ಅವಳಿಗೆ ತೀರ ಹತ್ತಿರ ಬರುವವರೆಗೆ ಗೊತ್ತಾಗುವುದಿಲ್ಲ ಎಂದ. ಮೊದಲು ಯೋಚನೆಯಲ್ಲಿರುತ್ತಾಳೆ ಅಂದುಕೊಂಡನಂತೆ. ಆಮೇಲೆ ಬೇಕೆಂದೇ ಅವಳ ಎಡಕ್ಕೆ ನಡೆಯತೊಡಗಿದನಂತೆ. ಊಟ ಮಾಡುವಾಗ ತಟ್ಟೆಯ ಎಡಕ್ಕೆ ಇಟ್ಟದ್ದು ಹಾಗೆಯೇ ಉಳಿಯುತ್ತದೆ ಎಂದ.

"ನಿಮ್ಮಮ್ಮನೂ ಹೀಗೇ ಇಡೀ ಕತ್ತು ತಿರುಗಿಸಿ ನೋಡ್ತಿದ್ರು. ಮದುವೆಯಾದ ಹೊಸದ್ರಲ್ಲಿ ನನಗೆ ಅದು ಗತ್ತು ಅನ್ನಿಸ್ತಿತ್ತು."

ಅವಳ ಅಮ್ಮ ಕೊನೆಯ ವರ್ಷಗಳಲ್ಲಿ ಗೋಡೆ ಸವರಿಕೊಂಡು ಓಡಾಡುತ್ತಿದ್ದಳು. ಗೋಡೆಯುದ್ದಕ್ಕೂ ಅಂಗೈಯ ಎತ್ತರದಲ್ಲಿ ಮಾಸಿದ ಗೆರೆಯೊಂದು ಮೂಡಿತ್ತು. ಅವಳು ಅದನ್ನು ನೆನೆಯಲು ಇಷ್ಟಪಡಲಿಲ್ಲ.

"ಹಾಗಾದ್ರೆ ನನಗೆ ಹೇಳ್ಬೇಕಿತ್ತು. ಅಕ್ಕನಿಗಲ್ಲ."

"ಕಣ್ಣಿನ ಡಾಕ್ಟ್ರ ಹತ್ರ ಹೋಗೋಣ ಅಂದಾಗ ನೀನೇನಂದೆ? ನನ್ನ ಕೆಲಸ ಬಿಡಿಸೋಕೆ ಪ್ಲಾನ್ ಮಾಡ್ತಿದ್ದೀರಿ ಅಂದೆ. ಆಮೇಲೆ ವಾರ ಮಾತಾಡ್ಲಿಲ್ಲ." ಅವನು ಅಡುಗೆಮನೆಯ ಗುಂಡಗಿನ ಮೂಲೆಯ ಕಡೆ ಕೈ ತೋರಿಸಿದ. "ಮನೆಯಾದ್ರೆ ನಿನ್ನ ಹತ್ರ ಜಗಳ ಆಡಲ್ಲ ಅಂತ, ಮನೆ ಸರಿಮಾಡ್ಸಿದೆ."

"ನಾನೇನು ನಿಮ್ಮ ಕಾರು ಕಲಿಯೋಕೆ ಬಂದವಳಾ? ಸ್ಟೇರಿಂಗ್ ನನ್ನ ಕೈಲಿ, ಬ್ರೇಕು ನಿಮ್ಮ ಕಾಲಡಿ."

ಅವಳಿಗೆ ಈಗಲೂ ನಂಬಿಕೆ ಬರಲಿಲ್ಲ. ಎಲ್ಲ ಸರಿಯಾಗಿ ಕೂಡಿಬರುತ್ತಿತ್ತು, ಅದೇ ಅವಳಿಗೆ ಅನುಮಾನ. ಕಾರ್ಖಾನೆಯಲ್ಲಿ ಇದು ತಿಳಿದರೆ ನಾಳೆಯೇ ಮೇಜಿನಿಂದ ಎಬ್ಬಿಸುತ್ತಾರೆ. ಇವನು ಅದನ್ನು ಯೋಚಿಸಿರಲಿಕ್ಕಿಲ್ಲವೇ? ತನ್ನ ಕಣ್ಣು ಚೆನ್ನಾಗಿದೆ, ಇದೋ ಎದುರಿನ ಗೋಡೆಯ ಕೂದಲೆಳೆಯಂಥ ಬಿರುಕೂ ಕಾಣುತ್ತಿದೆ ಎಂದಳು.

"ಎದುರಿಗಿರೋದು ಕಾಣತ್ತೆ. ನಿನಗಿಂತ ಚೆನ್ನಾಗಿ ಯಾರಿಗೂ ಕಾಣಲ್ಲ," ಎಂದ ಅವನು. "ಒಂದ್ಸಲ ನೋಡೇಬಿಡೋಣ. ಆ ಗೋಡೇನ ನೋಡ್ತಾ ನಿಂತ್ಕೋ. ಕತ್ತು ತಿರುಗಿಸ್ಬೇಡ. ನಾನು ನಿನ್ನ ಎಡಗಡೆ ನಿಂತು, ಹಿಂದಿನಿಂದ ಕೈ ಮುಂದಕ್ಕೆ ತರ್ತೀನಿ. ಕಂಡ ತಕ್ಷಣ ಹೇಳು."

ಅವಳು ನಿಂತಳು. ಗೋಡೆಯಲ್ಲಿ ಹಳೆಯ ಸ್ವಿಚ್ಚು ಕಿತ್ತ ಕುಳಿಯನ್ನು ಮುಚ್ಚಿ ಮೆತ್ತಿದ್ದ ಗಾರೆ ಇನ್ನೂ ಹಸಿಯಾಗಿತ್ತು, ಬೂದು ಬಣ್ಣದ ಒಂದು ದೊಡ್ಡ ಮಚ್ಚೆ. ಅದರ ಮೇಲೆ ಕಣ್ಣು ನೆಟ್ಟಳು. ಅವನು ಪಕ್ಕಕ್ಕೆ ಸರಿದದ್ದು ಹೆಜ್ಜೆಯಿಂದ ತಿಳಿಯಿತು. ಆಮೇಲೆ ಹೆಜ್ಜೆಯೂ ಇಲ್ಲ. ಬೀದಿಯಲ್ಲಿ ಯಾರೋ ಯಾರನ್ನೋ ಕರೆದರು. ಅವಳು ಉಸಿರು ಹಿಡಿದು ಕಾದಳು. ಇಷ್ಟು ಹೊತ್ತಿಗೆ ಕೈ ಬಂದಿರಲೇಬೇಕು. ಇಷ್ಟು ನಿಧಾನ ಯಾರೂ ತರುವುದಿಲ್ಲ. ಇನ್ನೂ ಸುಮ್ಮನಿದ್ದರೆ ಅವನು ಹೇಳಿದ್ದೇ ನಿಜವಾಗುತ್ತದೆ.

"ಕಾಣಿಸ್ತು," ಎಂದಳು.

"ನಾನಿನ್ನೂ ಕೈ ಎತ್ತಿಲ್ಲ," ಎಂದ ಅವನು. ಈಗ ಆ ದನಿ ಕಾರು ಕಲಿಸುವವನದಾಗಿರಲಿಲ್ಲ.

ಅವಳು ತಿರುಗಲಿಲ್ಲ. ಕತ್ತು ತಿರುಗಿಸಬಾರದೆಂದು ಅವನೇ ಹೇಳಿದ್ದ. ಸುಟ್ಟ ಮೊಣಕೈ ಉರಿಯತೊಡಗಿತ್ತು.

"ಈಗ ಎತ್ತಿ," ಎಂದಳು.

ಎಡಗಡೆ ಎಲ್ಲೋ ಅಂಗಿಯ ತೋಳು ಸರಿದ ಸದ್ದಾಯಿತು. ಎದುರಿನ ಗೋಡೆಯ ಹಸಿ ಗಾರೆ ಅಂಚಿನಿಂದ ಒಣಗುತ್ತ ಬರುತ್ತಿತ್ತು. ಸುತ್ತಲೂ ಬೆಳ್ಳಗಾಗಿ, ನಡುವೆ ಮಾತ್ರ ಅಂಗೈಯಗಲದ ಕಪ್ಪು ಉಳಿದಿತ್ತು. ಅವಳು ಅದನ್ನೇ ನೋಡುತ್ತ ನಿಂತಳು.